ಕತ್ತು ಹಿಡಿದದ್ದು ಯಾರು?

ನಮ್ಮ ಕನ್ನಡದಲ್ಲಿ ಹಿಡಿಯದೇ ಇರುವುದು ಯಾವುದೂ ಇಲ್ಲ. ಅನ್ನ ತಳ ಹಿಡಿಯುತ್ತದೆ, ಈಳಿಗೆಗೆ ತುಕ್ಕು ಹಿಡಿಯುತ್ತದೆ, ಮೂಗಿಗೆ ನೆಗಡಿ ಹಿಡಿಯುತ್ತದೆ, ಗ್ರಹಚಾರ ಕೆಟ್ಟವರಿಗೆ ಶನಿ ಹಿಡಿಯುತ್ತದೆ. ಹೊಸ ಊರಿಗೆ ಹೋದರೆ ಅಲ್ಲಿಯ ನೀರು ಹಿಡಿಯಿತೇ ಎಂದು ಕೇಳುತ್ತಾರೆ. ಸೊಂಟ ಹಿಡಿದುಕೊಂಡಿತು, ಕಾಲು ಹಿಡಿದುಕೊಂಡಿತು ಎಂದರೆ ಯಾರು ಹಿಡಿದರು ಎಂದು ಯಾರೂ ಕೇಳುವುದಿಲ್ಲ. ಮೈಯ ಯಾವ ಭಾಗ ಬೇಕಾದರೂ ತನ್ನಷ್ಟಕ್ಕೆ ತಾನೇ ಹಿಡಿದುಕೊಂಡು ಕೂರುವ ಸ್ವಾತಂತ್ರ್ಯವನ್ನು ನಮ್ಮ ಭಾಷೆ ಧಾರಾಳವಾಗಿ ಕೊಟ್ಟುಬಿಟ್ಟಿದೆ. ಹಿಂದಿ ಅಷ್ಟು ಧಾರಾಳಿಯಲ್ಲ. ಅಲ್ಲಿ ಹಿಡಿದರೆ ಹಿಡಿದವನೊಬ್ಬ ಇರಲೇಬೇಕು. ಈ ಸಣ್ಣ ವ್ಯತ್ಯಾಸ ನನಗೆ ತಿಳಿದದ್ದು ದೆಹಲಿಗೆ ಬಂದು ಹತ್ತೊಂಬತ್ತು ವರ್ಷಗಳಾದ ಮೇಲೆ. ಅಷ್ಟರಲ್ಲಿ, ಲೋಧಿ ಕಾಲೋನಿಯ ನಮ್ಮ ಬ್ಲಾಕಿನಲ್ಲಿ ಅತ್ಯಂತ ಸಾಧುವಾದ ಮನುಷ್ಯನೆಂದು ಹೆಸರು ಪಡೆದಿದ್ದ ನನ್ನ ಯಜಮಾನರ ಮಾನವನ್ನು ನಾನೇ ನನ್ನ ಬಾಯಾರೆ ಕಳೆದುಬಿಟ್ಟಿದ್ದೆ.

ಇವರ ವಿಷಯ ಒಂದು ಮಾತು ಹೇಳಬೇಕು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರು. ಮನೆಯಲ್ಲಿ ಜಿರಲೆ ಕಂಡರೆ ಚಪ್ಪಲಿ ಎತ್ತುವುದಿಲ್ಲ. ಹಳೆಯ ಪೇಪರಿನ ಮೇಲೆ ಹತ್ತಿಸಿಕೊಂಡು ಹಿಂದಿನ ಗಲ್ಲಿಯವರೆಗೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ಆಟೋದವನು ದಾರಿ ತಪ್ಪಿದರೆ ಇವರೇ ಸಾರಿ ಎನ್ನುತ್ತಾರೆ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಮೇಲೆ ದನಿ ಎತ್ತಿದ್ದು ಒಂದೇ ಸಲ, ಅದೂ ಪ್ರೆಷರ್ ಕುಕ್ಕರು ಜೋರಾಗಿ ಕೂಗುತ್ತಿದ್ದುದರಿಂದ.

ಆ ವರ್ಷ ಜನವರಿಯ ಮಂಜು ಕವಿಯುವ ಹೊತ್ತಿಗೆ ನಮ್ಮ ಹಳೆಯ ದಿಂಬುಗಳೆಲ್ಲ ಹಪ್ಪಳದಂತಾಗಿದ್ದವು. ಹತ್ತಿ ಹಿಂಜುವವನು ಬಿಲ್ಲು ಟಂಯ್ ಟಂಯ್ ಎನ್ನಿಸುತ್ತಾ ಗಲ್ಲಿಗೆ ಬಂದಾಗ ಇವರು ಭಾನುವಾರದ ರಜೆಯಲ್ಲಿ ಮನೆಯಲ್ಲೇ ಇದ್ದರು. ಭಯ್ಯಾ, ಚೆನ್ನಾಗಿ ಗಟ್ಟಿಯಾಗಿ ತುಂಬು, ಇನ್ನೂ ಗಟ್ಟಿ, ಇನ್ನೂ ಗಟ್ಟಿ ಎಂದು ಪಕ್ಕದಲ್ಲೇ ನಿಂತು ಹೇಳಿ ಹೇಳಿ ತುಂಬಿಸಿದರು. ಚಿಕ್ಕಂದಿನಿಂದ ಗಟ್ಟಿ ದಿಂಬಿನ ಮೇಲೇ ಮಲಗಿದವರಂತೆ, ಅದಕ್ಕೇ ಬೆನ್ನು ನೆಟ್ಟಗಿದೆಯಂತೆ. ನನಗೆ ಕೊಟ್ಟ ದಿಂಬನ್ನು ಕೈಯಿಂದ ತಟ್ಟಿದರೆ ತೆಂಗಿನಕಾಯಿ ತಟ್ಟಿದ ಸದ್ದು ಬರುತ್ತಿತ್ತು. ಅಭ್ಯಾಸವಾಗುತ್ತೆ ಬಿಡು ಎಂದರು. ಮೂರನೆಯ ಬೆಳಿಗ್ಗೆ ಎದ್ದು ನೋಡಿದರೆ, ನೋಡುವುದೆಲ್ಲಿ ಬಂತು, ಗೋಡೆಯ ಕ್ಯಾಲೆಂಡರೊಂದನ್ನು ಬಿಟ್ಟು ಬೇರೆ ಯಾವ ದಿಕ್ಕನ್ನೂ ನೋಡಲಾಗಲಿಲ್ಲ. ಕತ್ತು ಹಿಡಿದುಕೊಂಡಿತ್ತು. ಹಾಲಿನವನ ಕಡೆ ತಿರುಗಬೇಕಾದರೆ ಇಡೀ ನಾನೇ ತಿರುಗಬೇಕಾಗಿತ್ತು. ಅದನ್ನು ನೋಡಿ ಇವರು ಮೊದಲು ನಕ್ಕರು. ದಿಂಬಿನ ನೆನಪಾದ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಬಿಸಿನೀರು ಕಾಯಿಸಿಕೊಟ್ಟರು.

ಎದುರು ಮಹಡಿಯಲ್ಲಿ ಬತ್ರಾ ಆಂಟಿ ಇದ್ದಾರೆ. ನನಗೇ ಐವತ್ತು ಸಮೀಪಿಸುತ್ತಿದ್ದರೂ ಅವರು ನನಗೆ ಆಂಟಿಯೇ. ಇಡೀ ಬ್ಲಾಕಿಗೆ ಆಂಟಿ. ಯಾರ ಮನೆಯಲ್ಲಿ ಗ್ಯಾಸು ಮುಗಿಯಿತು, ಯಾರ ಮಗಳಿಗೆ ಎಷ್ಟು ಪರ್ಸೆಂಟು ಬಂತು ಎಲ್ಲವೂ ಅವರ ಬಾಲ್ಕನಿಗೆ ಕಾಣುತ್ತದೆ. ನಾನು ಸೊಪ್ಪಿನವನಿಗೆ ಬೆನ್ನು ಮಾಡಿಕೊಂಡೇ ಚೌಕಾಶಿ ಮಾಡುತ್ತಿದ್ದುದು ಕಂಡು ಕೆಳಗಿಳಿದು ಬಂದರು. ಮಾರ್ಕೆಟ್ಟಿನ ಹಿಂದೆ ಒಬ್ಬ ಹುಡುಗಿ ಫಿಸಿಯೋಥೆರಪಿ ಕ್ಲಿನಿಕ್ಕು ತೆಗೆದಿದ್ದಾಳೆ, ಕೈಯಲ್ಲಿ ಜಾದೂ ಇದೆ, ಮಾತ್ರೆ ಇಲ್ಲ ಸೂಜಿ ಇಲ್ಲ, ಬರೀ ಕೈಯಲ್ಲಿ ಗುಣ ಮಾಡುತ್ತಾಳೆ, ಚಲೋ, ಈಗಲೇ ಹೋಗೋಣ ಎಂದರು. ಬರೀ ಕೈ ಎಂದರೆ ನನ್ನ ತಲೆಯಲ್ಲಿದ್ದದ್ದು ನಮ್ಮೂರಿನ ನೀವುವ ಕೈ. ಮೊಣಕೈ ಊರಿ, ಮೊಣಕಾಲು ಊರಿ, ಅಯ್ಯೋ ಎಂದರೆ ಇನ್ನೂ ಎರಡು ಜಾಸ್ತಿ ಕೊಟ್ಟು, ಎದ್ದ ಮೇಲೆ ನೋವು ಹೋಯಿತೋ ಜೀವ ಹೋಯಿತೋ ತಿಳಿಯದ ಹಾಗೆ ಮಾಡುವ ಕೈ. ಆದ್ದರಿಂದ ಎಳ್ಳೆಣ್ಣೆ ಬಿಸಿ ಮಾಡಿ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಹಳೆಯ ಸೀರೆಯುಟ್ಟು, ದೇವರಿಗೆ ಕೈಮುಗಿದು ಹೊರಟೆ.

ಹುಡುಗಿಯ ಹೆಸರು ನೀಲಮ್. ನಮ್ಮ ಮಗಳು ಅನುವಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಸಣ್ಣ ಕೋಣೆ, ರೂಮ್ ಹೀಟರು, ಒಂದು ಎತ್ತರದ ಮಂಚ, ಹಸಿರು ಪರದೆ. ಪರದೆಯ ಆಚೆ ಬತ್ರಾ ಆಂಟಿ ಸ್ವೆಟರ್ ಹೆಣೆಯುತ್ತಾ ಕೂತರು. ನೀಲಮ್ ಎಣ್ಣೆ ಡಬ್ಬಿಯನ್ನು ನೋಡಿ ನಕ್ಕು ಪಕ್ಕಕ್ಕಿಟ್ಟಳು. ನನ್ನನ್ನು ಅಂಗಾತ ಮಲಗಿಸಿ, ತಲೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತು, ಎರಡೂ ಅಂಗೈಯನ್ನು ನನ್ನ ಬುರುಡೆಯ ಕೆಳಗೆ ಇಟ್ಟಳು. ಇಟ್ಟವಳು ಇಟ್ಟೇ ಇದ್ದಳು. ಇನ್ನೇನು ಶುರುವಾಗುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡು ಕಾದೆ. ಏನೂ ಆಗಲಿಲ್ಲ. ಒತ್ತಲಿಲ್ಲ, ಎಳೆಯಲಿಲ್ಲ, ತಿರುವಲಿಲ್ಲ. ಬಿಸಿಲಿನಲ್ಲಿ ಬೆಕ್ಕೊಂದು ಬಂದು ಮೈಗೆ ತಾಗಿ ಮಲಗುತ್ತದಲ್ಲ, ಹಾಗಿತ್ತು. ಹುಡುಗಿ ನಿದ್ದೆಹೋದಳೇ ಎಂಬ ಅನುಮಾನ ಬಂತು. ತಿರುಗಿ ನೋಡೋಣವೆಂದರೆ ಕತ್ತಿಲ್ಲ. ಢೀಲಾ ಛೋಡಿಯೇ, ಸಡಿಲ ಬಿಡಿ ಎಂದಳು. ನಾನು ಉಸಿರು ಕಟ್ಟಿ, ಕೈ ಮುಷ್ಟಿ ಮಾಡಿ, ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ಸಡಿಲ ಬಿಟ್ಟೆ. ಹಾಗಲ್ಲ ಎಂದಳು. ಮದುವೆಯಾದಂದಿನಿಂದ ಯಾರೂ ನನಗೆ ಸಡಿಲ ಬಿಡು ಎಂದು ಹೇಳಿರಲಿಲ್ಲವಾಗಿ, ಅದನ್ನು ಯಾವ ಕಡೆಯಿಂದ ಶುರುಮಾಡಬೇಕೆಂದೇ ನನಗೆ ತಿಳಿಯಲಿಲ್ಲ. ಮಾತಾಡಿಸಿದರೆ ಸಡಿಲವಾಗುತ್ತಾಳೆ ಎಂದುಕೊಂಡಳೋ ಏನೋ, ಹೇಗಾಯಿತು ಎಂದು ಕೇಳಿದಳು.

ಇಲ್ಲಿ ನನ್ನ ಹಿಂದಿಯ ಬಗ್ಗೆ ಹೇಳಬೇಕು. ಕೊತ್ತಂಬರಿಯಿಂದ ಪೈಪಿನ ರಿಪೇರಿಯವರೆಗೆ ನನ್ನ ಹಿಂದಿಗೆ ಎಲ್ಲಿಯೂ ತಡೆಯಿಲ್ಲ. ಒಂದೇ ತೊಂದರೆ, ಆ ಭಾಷೆಯಲ್ಲಿ ಅಕ್ಕಿ ಗಂಡಸು, ಬೇಳೆ ಹೆಂಗಸು. ಒಂದೇ ಕತ್ತಿನಲ್ಲಿ ಮುಂದಿನ ಗಲಾ ಗಂಡಸು, ಹಿಂದಿನ ಗರ್ದನ್ ಹೆಂಗಸು. ಇಷ್ಟನ್ನೆಲ್ಲ ನೆನಪಿಟ್ಟುಕೊಂಡು ಮಾತಾಡುವಷ್ಟರಲ್ಲಿ ಸೊಪ್ಪಿನವನು ಮುಂದಿನ ಬ್ಲಾಕಿಗೆ ಹೋಗಿರುತ್ತಾನೆ. ಆದ್ದರಿಂದ ನಾನು ಬಂದ ವರ್ಷವೇ ಒಂದು ತೀರ್ಮಾನಕ್ಕೆ ಬಂದು, ನನ್ನನ್ನೂ ಸೇರಿಸಿ ಪ್ರಪಂಚದ ಎಲ್ಲವನ್ನೂ ಗಂಡಸಾಗಿಸಿಬಿಟ್ಟಿದ್ದೆ. ಹೋದೆ ಎನ್ನಲು ಗಯಾ, ಎದ್ದೆ ಎನ್ನಲು ಉಠಾ. ಹತ್ತೊಂಬತ್ತು ವರ್ಷ ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಅದೇ ಧೈರ್ಯದಲ್ಲಿ, ಮನಸ್ಸಿನಲ್ಲಿದ್ದ ಕನ್ನಡವನ್ನು ಒಂದೊಂದೇ ಪದ ಎತ್ತಿ ಹಿಂದಿಗೆ ಹಾಕಿದೆ.

"ಸುಬಹ್ ಉಠಾ, ಗರ್ದನ್ ಪಕಡ್ ಲಿಯಾ."

ನಾನು ಹೇಳಿದ್ದು, ಬೆಳಿಗ್ಗೆ ಎದ್ದೆ, ಕತ್ತು ಹಿಡಿದುಕೊಂಡಿತು. ನೀಲಮ್ ಕೇಳಿಸಿಕೊಂಡದ್ದು, ಬೆಳಿಗ್ಗೆ ಎದ್ದ, ಕತ್ತು ಹಿಡಿದ.

ಪರದೆಯ ಆಚೆ ಹೆಣಿಗೆಯ ಕಡ್ಡಿಗಳ ಟಿಕ್ ಟಿಕ್ ನಿಂತುಹೋಯಿತು. ನೀಲಮ್, ಮೊದಲೂ ಹೀಗಾಗಿತ್ತೇ ಎಂದಳು. ಓಹೋ, ದೆಹಲಿಗೆ ಬಂದಾಗಿನಿಂದ ಪ್ರತಿ ಚಳಿಗಾಲವೂ ಒಂದೆರಡು ಸಲ ಹಿಡಿಯುತ್ತದೆ, ಬೇಸಿಗೆಯಲ್ಲಿ ಪರವಾಗಿಲ್ಲ ಎಂದೆ. ಮನೆಯವರೇನು ಹೇಳುತ್ತಾರೆ ಎಂದಳು. ಏನು ಹೇಳುತ್ತಾರೆ, ಮೊದಲು ನಗುತ್ತಾರೆ, ಆಮೇಲೆ ಬಿಸಿನೀರು ಕಾಯಿಸಿ ಕೊಡುತ್ತಾರೆ ಎಂದೆ. ಅತ್ತೆಗೆ ಹೇಳಿದ್ದೀರಾ ಎಂದಳು. ಫೋನಿನಲ್ಲಿ ಹೇಳಿದೆ, ಈ ವಯಸ್ಸಿಗೆ ಎಲ್ಲರಿಗೂ ಹಿಡಿಯುತ್ತದೆ, ನನಗೂ ಹಿಡಿಯುತ್ತಿತ್ತು, ಅದಕ್ಕೆಲ್ಲ ಡಾಕ್ಟರ ಹತ್ತಿರ ಓಡಬಾರದು ಎಂದರು ಎಂದೆ. ಹುಡುಗಿ ಇಷ್ಟು ಕಾಳಜಿಯಿಂದ ಕೇಳುತ್ತಿರುವಾಗ ನಮ್ಮ ಕಡೆಯ ವೈದ್ಯವನ್ನೂ ಸ್ವಲ್ಪ ತಿಳಿಸೋಣವೆನ್ನಿಸಿತು.

ನಿಮಗೆ ಗೊತ್ತಿರಬಹುದು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಮೂರು ಸಲ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಒದೆಯುವುದೆಂದರೆ ಒದೆಯುವುದಲ್ಲ, ಪಾದವನ್ನು ಹಾಗೇ ತಾಗಿಸುವುದು. ನಮ್ಮ ಮಾವನವರು ಹಾಗೆ ಹುಟ್ಟಿದವರು. ಅವರ ಕಾಲಿಗೆ ಊರಲ್ಲೆಲ್ಲ ಹೆಸರಿತ್ತು. ಇಷ್ಟನ್ನೂ ನಾನು ಉತ್ಸಾಹದಿಂದ ಹಿಂದಿಯಲ್ಲಿ ಹೇಳಿದೆ. ಕಾಲು ಮುಂದಾಗಿ ಹುಟ್ಟುವುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲದ್ದರಿಂದ ಆ ಭಾಗವನ್ನು ಬಿಟ್ಟೆ. ಉಳಿದದ್ದು ಇಷ್ಟು: ನಮ್ಮ ಮಾವ ಒದೆಯುತ್ತಿದ್ದರು. ಊರವರನ್ನೆಲ್ಲ ಒದೆಯುತ್ತಿದ್ದರು, ಜನ ಸಾಲಾಗಿ ನಿಲ್ಲುತ್ತಿದ್ದರು. ನನಗೂ ಎರಡು ಸಲ ಒದ್ದಿದ್ದಾರೆ, ಬಹಳ ಹಿತವಾಗಿತ್ತು. ಈಗ ಅವರಿಲ್ಲ, ಅದಕ್ಕೇ ನಿನ್ನ ಹತ್ತಿರ ಬಂದೆ.

ನನ್ನ ಬುರುಡೆಯ ಕೆಳಗಿದ್ದ ಕೈ ಅಲ್ಲಿಯವರೆಗೂ ಹಗುರವಾಗಿಯೇ ಇತ್ತು. ಈಗ ಇನ್ನೂ ಹಗುರವಾಯಿತು. ಪರದೆಯ ಆಚೆಯಿಂದ ಬತ್ರಾ ಆಂಟಿ "ಹೇ ರಾಮ್" ಎಂದದ್ದು ಕೇಳಿಸಿತು. ಹೆಣಿಗೆ ತಪ್ಪಿತೇನೋ ಎಂದುಕೊಂಡೆ.

ಅಲ್ಲಿಂದ ಮುಂದಿನ ಎರಡು ವಾರ ನನಗೆ ಲೋಕವೇ ಅರ್ಥವಾಗಲಿಲ್ಲ. ಬತ್ರಾ ಆಂಟಿ ಮೊದಲು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದವರು ದಿನಾ ಸಂಜೆ ಬರತೊಡಗಿದರು. ಅದೂ ಇವರು ಆಫೀಸಿನಿಂದ ಬರುವ ಸರಿಯಾದ ಹೊತ್ತಿಗೆ. ಗಾಜರ್ ಹಲ್ವಾದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಇವರ ಎದುರು ಕುರ್ಚಿಯಲ್ಲಿ ಕೂತು, ಇವರು ಕಾಫಿ ಕುಡಿಯುವುದನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಎಂಟು ಗಂಟೆಗೆ ಏಳುವಾಗ ಬಾಗಿಲಲ್ಲಿ ನಿಂತು, ಅಡಿಗೆಮನೆಯ ಕಿಟಕಿ ತೆಗೆದೇ ಇಡು, ಕೂಗಿದರೆ ನನಗೆ ಕೇಳಿಸುತ್ತದೆ ಎನ್ನುತ್ತಿದ್ದರು. ಕತ್ತು ಹಿಡಿದದ್ದಕ್ಕೆ ಈ ಮಟ್ಟದ ಉಪಚಾರವೇ ಎಂದು ನನಗೆ ಕಣ್ಣು ತುಂಬಿ ಬರುತ್ತಿತ್ತು. ಇವರಿಗೆ ಮಾತ್ರ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಅಲ್ಲ ಕಣೇ ವತ್ಸಲಾ, ಅವರು ಯಾಕೆ ನನ್ನ ಕೈಯನ್ನೇ ನೋಡ್ತಾರೆ? ಉಗುರು ಬೆಳೆದಿದೆಯಾ?" ಎಂದು ಕೇಳಿ ಆ ಭಾನುವಾರ ಉಗುರು ಕತ್ತರಿಸಿಕೊಂಡರು.

ಆಮೇಲೆ ಬೆಳಗಿನ ವಾಕಿಂಗಿನಲ್ಲಿ ಇವರ ನಮಸ್ತೆಗಳು ತಿರುಗಿ ಬರುವುದು ನಿಂತುಹೋಯಿತು. ಮಂಜಿನಲ್ಲಿ ಕಾಣಿಸಿರಲಿಕ್ಕಿಲ್ಲ ಎಂದುಕೊಂಡರು. ಮಂಜು ಕರಗಿದ ಮೇಲೂ ಬರಲಿಲ್ಲ. ಲೋಹ್ರಿ ಹಬ್ಬದ ಸಂಜೆ ಬ್ಲಾಕಿನ ಅಂಗಳದಲ್ಲಿ ಬೆಂಕಿ ಹಾಕಿದಾಗ ಪ್ರತಿ ವರ್ಷದಂತೆ ಇವರೇ ಕಡಲೆಕಾಯಿ, ಎಳ್ಳು ಬೆಲ್ಲದ ಗಟ್ಟಿ ರೇವಡಿಯ ತಟ್ಟೆ ಹಿಡಿದು ಎಲ್ಲರಿಗೂ ಹಂಚಲು ಹೋದರು. ಹೆಂಗಸರು ಶಾಲು ಸರಿಪಡಿಸಿಕೊಳ್ಳುವುದರಲ್ಲಿ ತೊಡಗಿದರು. ಗಂಡಸರು ಬೆಂಕಿಯನ್ನೇ ನೋಡುತ್ತಾ ನಿಂತರು. ಇವರು ತುಂಬಿದ ತಟ್ಟೆಯನ್ನು ಹಾಗೇ ವಾಪಸು ತಂದು ನನ್ನ ಪಕ್ಕ ಕೂತು, ಒಂದೊಂದೇ ರೇವಡಿ ಬಾಯಿಗೆ ಹಾಕಿಕೊಳ್ಳುತ್ತಾ, "ಈ ಸಲ ಯಾರಿಗೂ ಹಲ್ಲು ಗಟ್ಟಿ ಇಲ್ಲ ಅಂತ ಕಾಣುತ್ತೆ" ಎಂದರು. ಹನ್ನೊಂದು ವರ್ಷದಿಂದ ಅದೇ ಬ್ಲಾಕಿನಲ್ಲಿ ಇದ್ದವರು. ಯಾರ ಮನೆಯ ಅರ್ಜಿಯಿದ್ದರೂ ಬರೆದುಕೊಟ್ಟವರು. ಆ ಬೆಂಕಿಯ ಬೆಳಕಿನಲ್ಲಿ ಇವರ ಮುಖ ನೋಡಿ ನಾನೂ ತಟ್ಟೆಯಿಂದ ಒಂದು ರೇವಡಿ ತೆಗೆದುಕೊಂಡೆ. ಏನಾಗಿದೆ ಎಂದು ಮಾತ್ರ ತಿಳಿಯಲಿಲ್ಲ.

ನೀಲಮ್ ಹತ್ತಿರ ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಕೈಯಿಡುವುದು, ಕಾಯುವುದು. ಒಳಗೆ ಎಲ್ಲೋ ಗಂಟೊಂದು ತಾನಾಗಿ ಕರಗುವುದು, ಹಪ್ಪಳದ ಹಿಟ್ಟಿಗೆ ಎಣ್ಣೆ ಸೋಕಿದ ಹಾಗೆ. ಬೇಡವೆಂದರೂ ಬಾಯಿಯಿಂದ ಹಾ ಎಂಬ ಸದ್ದು ಬರುವುದು. ನೋಯಿಸದೆ ನೋವು ಹೋಗಬಹುದೆಂದು ನನಗೆ ಆ ವಯಸ್ಸಿನಲ್ಲಿ ಗೊತ್ತಾಯಿತು. ಆದರೂ ಪೂರ್ತಿ ಬಿಡಲಿಲ್ಲ. ಮನೆಯಲ್ಲಿ ಎಲ್ಲ ಸರಿಯಿದೆಯಾ ಎಂದು ಆಕೆ ಪ್ರತಿ ಸಲ ಕೇಳುತ್ತಿದ್ದಳು, ಬಚ್ಚಲ ಕೊಳಾಯಿ ಸೋರುತ್ತಿದೆ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ಕೊನೆಗೊಂದು ದಿನ ಮನೆಯವರನ್ನು ಒಮ್ಮೆ ಕರೆದುಕೊಂಡು ಬನ್ನಿ, ಅವರ ಹತ್ತಿರ ಮಾತಾಡಬೇಕು ಎಂದಳು.

ಶನಿವಾರ ಇವರು ಟೈ ಕಟ್ಟಿಕೊಂಡು ಬಂದರು. ಡಾಕ್ಟರೆಂದರೆ ಇವರಿಗೆ ಮೊದಲಿನಿಂದಲೂ ಭಯಭಕ್ತಿ. ನೀಲಮ್ ಇವರನ್ನು ಕೂರಿಸಲೂ ಇಲ್ಲ. ನಿಮ್ಮ ಹೆಂಡತಿಗೆ ಈ ಸ್ಥಿತಿ ಹೇಗೆ ಬಂತೆಂದು ನಿಮಗೆ ಗೊತ್ತಿದೆಯಲ್ಲವೇ ಎಂದು ನೇರವಾಗಿ ಕೇಳಿದಳು. ಇವರ ತಲೆಯಲ್ಲಿದ್ದದ್ದು ದಿಂಬು. ಎರಡು ವಾರದಿಂದ ಆ ದಿಂಬಿನ ಪಾಪ ಇವರನ್ನು ತಿನ್ನುತ್ತಿತ್ತು. ತಲೆ ತಗ್ಗಿಸಿ, ಆಫೀಸಿನಲ್ಲಿ ಪ್ರತಿ ವರ್ಷ ನಡೆಯುವ ಹಿಂದಿ ಪಖವಾಡಾದ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಪಡೆದ ತಮ್ಮ ಶುದ್ಧ ಹಿಂದಿಯಲ್ಲಿ, ಒಂದೂ ಲಿಂಗದೋಷವಿಲ್ಲದೆ ಒಪ್ಪಿಕೊಂಡರು. ತಪ್ಪೆಲ್ಲ ನನ್ನದೇ. ಅವಳು ಬೇಡ ಬೇಡ ಎಂದಳು, ನಾನು ಕೇಳಲಿಲ್ಲ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಇದೇ ರೂಢಿ, ನನಗೇನೂ ಅನ್ನಿಸುವುದಿಲ್ಲ. ಅವಳಿಗೂ ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ.

ನೀಲಮ್ ಮುಖ ಬಿಳಿಚಿತು. ಇವರ ಈ ವಿನಯ ಅವಳಿಗೆ ಇನ್ನೂ ಭಯಂಕರವಾಗಿ ಕಂಡಿರಬೇಕು. "ಮುಂದೆ ಹೀಗಾಗಬಾರದು," ಎಂದಳು. ಇಲ್ಲ ಮೇಡಂ, ಇವತ್ತೇ ಅದನ್ನು ಬಿಚ್ಚಿ ಸ್ವಲ್ಪ ಹೊರಗೆ ತೆಗೆಸುತ್ತೇನೆ ಎಂದರು ಇವರು. ಏನನ್ನು ಎಂದು ಆಕೆ ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲವೋ ಏನೋ. ನನಗೆ ಮಾತ್ರ ಒಂದು ದಿಂಬಿಗೆ ಇಷ್ಟು ಗಂಭೀರವಾದ ವಿಚಾರಣೆ ಬೇಕಿತ್ತೇ ಎನ್ನಿಸಿತು. ಆಧುನಿಕ ವೈದ್ಯ, ಬುಡದಿಂದ ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಗುಟ್ಟು ಒಡೆದದ್ದು ನಮ್ಮ ಮಗಳು ಅನು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಅರ್ಧ ಬರುತ್ತದೆ. ಕಾಲೇಜಿನಿಂದ ಬಂದವಳೇ ಬ್ಯಾಗು ಎಸೆದು ಅಡಿಗೆಮನೆಗೆ ಬಂದಳು.

"ಅಮ್ಮಾ, ಬತ್ರಾ ಆಂಟಿ ನನ್ನ ದಾರೀಲಿ ರೋಕಿ ಕೇಳಿದ್ರು, ಪಾಪಾ ನಿನಗೂ ಹೊಡೀತಾರಾ ಅಂತ. ನಿನಗೂ ಅಂದ್ರೆ ಕ್ಯಾ ಮತ್ಲಬ್?"

ನಾನು ಒಗ್ಗರಣೆ ಸೌಟು ಹಿಡಿದು ಹಾಗೇ ನಿಂತೆ. ಸಾಸಿವೆ ಸಿಡಿದು ಮುಗಿಯುವವರೆಗೆ ನಿಂತಿದ್ದೆ. ಡಾಕ್ಟರ ಹತ್ತಿರ ಏನು ಹೇಳಿದೆ, ಒಂದೊಂದು ಪದವೂ ಹೇಳು ಎಂದು ಅನು ಪೀಡಿಸಿದಳು. ಹೇಳಿದೆ. ಅವಳು ಮೊದಲು ಕಣ್ಣು ಅಗಲ ಮಾಡಿದಳು, ಮಾವನವರ ಕಾಲಿನ ವಿಷಯ ಬರುವ ಹೊತ್ತಿಗೆ ಗ್ಯಾಸ್ ಸಿಲಿಂಡರಿಗೆ ಒರಗಿ ನೆಲಕ್ಕೆ ಕುಸಿದಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಅಮ್ಮಾ, ಪಕಡ್ ಅಲ್ಲ, ಅಕಡ್. ಅಕಡ್ ಗಯೀ. ಸೆಟೆದುಕೊಂಡ್ತು ಅಂತ. ಒಂದು ಅಕ್ಷರ ಅಮ್ಮಾ! ನೀನು ಪಾಪಾನ್ನ ಜೈಲಿಗೆ ಕಳಿಸ್ತಿದ್ದೆ."

ಹಾಲಿನಲ್ಲಿ ಪೇಪರು ಓದುತ್ತಿದ್ದವರಿಗೆ ಎಲ್ಲವೂ ಕೇಳಿಸಿತ್ತು. ಬಾಗಿಲಿಗೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು, ತಿರುಗಿ ಬಾರದ ನಮಸ್ತೆಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಮೆಲ್ಲಗೆ ಹೇಳಿದರು, "ಅಂದ್ರೆ ಶನಿವಾರ ನಾನು ಒಪ್ಕೊಂಡು ಬಂದೆ, ಅಲ್ವಾ?"

ಸೋಮವಾರ ಮೂವರೂ ಕ್ಲಿನಿಕ್ಕಿಗೆ ಹೋದೆವು. ಅನು ಎಲ್ಲವನ್ನೂ ಬಿಡಿಸಿ ಹೇಳಿದಳು. ದಿಂಬು, ಕಾಲು ಮುಂದಾಗಿ ಹುಟ್ಟಿದ ಅಜ್ಜ, ಅಮ್ಮನ ಗಂಡು ಹಿಂದಿ. ನೀಲಮ್ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಇವರಿಗೆ ಕುರ್ಚಿ ಹಾಕಿ, ಕೈ ಜೋಡಿಸಿ ಕ್ಷಮೆ ಕೇಳಿದಳು. ಇವರು ಎಂದಿನಂತೆ ತಾವೇ ಸಾರಿ ಎಂದರು. ಆಮೇಲೆ ನಾನು ಮಂಚದ ಮೇಲೆ ಮಲಗಿದಾಗ, ಕೈಯನ್ನು ಬುರುಡೆಯ ಕೆಳಗಿಟ್ಟುಕೊಂಡು, ನನಗೊಬ್ಬಳಿಗೇ ಕೇಳುವಂತೆ ಮಾತಾಡಿದಳು. ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈಗ ನನ್ನ ಅನುವಾದವನ್ನು ನೀವು ಎಷ್ಟು ನಂಬುತ್ತೀರೋ ನಿಮಗೆ ಬಿಟ್ಟದ್ದು.

"ಈ ಮಂಚದ ಮೇಲೆ ಎಷ್ಟೋ ಕತ್ತು ಬರುತ್ತೆ ಆಂಟೀ. ಎಲ್ಲರೂ ಅಕಡ್ ಗಯೀ ಅಂತಾರೆ. ಕೈಯಿಟ್ಟರೆ ಕೆಲವು ಕತ್ತು ಬೇರೆ ಏನೋ ಹೇಳುತ್ತೆ, ಬಾಯಿ ಹೇಳೋದಿಲ್ಲ. ಪಕಡ್ ಲಿಯಾ ಅಂತ ಬಾಯಿ ಬಿಟ್ಟು ಹೇಳಿದವರು ನೀವೊಬ್ಬರೇ. ಅದೂ ವ್ಯಾಕರಣದ ತಪ್ಪಾಯ್ತು."

ಮೇಲೆ ಫ್ಯಾನು ನಿಂತಿತ್ತು, ಅದರ ರೆಕ್ಕೆಯ ಮೇಲಿನ ಧೂಳನ್ನು ನೋಡುತ್ತಾ ಮಲಗಿದ್ದೆ. ಹುಡುಗಿ ಎರಡು ವಾರ ನನ್ನನ್ನು ಅಷ್ಟು ಹಗುರವಾಗಿ ಮುಟ್ಟಿದ್ದು ಬರೀ ವೈದ್ಯವಾಗಿರಲಿಲ್ಲ ಎನ್ನಿಸಿ, ಅವಳಿಗೆ ಮೋಸ ಮಾಡಿದೆನೇನೋ ಎಂಬಂತಾಯಿತು. ಏಳುವಾಗ ಆಕೆ, ಇನ್ನು ಇಲ್ಲಿಗೆ ಬರುವುದು ಬೇಡ, ಉಳಿದದ್ದನ್ನು ಮನೆಯಲ್ಲೇ ಮಾಡಬಹುದು ಎಂದು ಇವರನ್ನು ಒಳಗೆ ಕರೆದು ಕಲಿಸಿಕೊಟ್ಟಳು. ಅಂಗೈ ಎರಡನ್ನೂ ಬುರುಡೆಯ ಕೆಳಗೆ ಇಡಬೇಕು, ಒತ್ತಬಾರದು, ಐದು ನಿಮಿಷ ಕಾಯಬೇಕು. ಆ ಹೊತ್ತಿನಲ್ಲಿ ಮಲಗಿದವರು ಮಾತಾಡಬಾರದು, ತಲೆ ಅಲ್ಲಾಡಿಸಬಾರದು.

ಇನ್ನು ಉಳಿದದ್ದು ಬತ್ರಾ ಆಂಟಿ. ಅವರು ಒಪ್ಪಿದರೆ ಬ್ಲಾಕು ಒಪ್ಪಿದ ಹಾಗೆ. ನಾನು ದಾರಿಯುದ್ದಕ್ಕೂ ಅಕಡ್ ಗಯೀ, ಅಕಡ್ ಗಯೀ ಎಂದು ಬಾಯಿಪಾಠ ಮಾಡಿಕೊಂಡು ಮಹಡಿ ಹತ್ತಿದೆ. ಆಂಟೀ, ನನ್ನ ಕತ್ತನ್ನು ಯಾರೂ ಹಿಡಿಯಲಿಲ್ಲ, ಅದೇ ಸೆಟೆದುಕೊಂಡಿತ್ತು ಎಂದು ಶುದ್ಧ ಸ್ತ್ರೀಲಿಂಗದಲ್ಲಿ ಹೇಳಿದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು.

"ನಿನ್ನೆಯವರೆಗೆ ಪಕಡ್, ಇವತ್ತು ಅಕಡ್. ಹೀಗೆ ಹೇಳಬೇಕು ಅಂತ ಯಾರು ಕಲಿಸಿದರು ಬೇಟಾ?"

ಮಗಳು ಕಲಿಸಿದಳು ಎಂದೆ. ಆಗ ರಾವ್ ಸಾಬ್, ಎಂದರೆ ಇವರು, ಮನೆಯಲ್ಲಿದ್ದರಾ ಎಂದು ಕೇಳಿದರು. ಇದ್ದರು, ಪಕ್ಕದಲ್ಲೇ ನಿಂತಿದ್ದರು ಎಂದೆ. ಅಚ್ಛಾ, ಎಂದು ಅವರು ನನ್ನ ಬೆನ್ನು ಸವರಿದರು. ಎಷ್ಟು ವಿವರಿಸಿದೆನೋ ಅಷ್ಟೂ ಇವರು ಹೆಚ್ಚು ಹೆಚ್ಚು ಕ್ರೂರಿಯಾಗುತ್ತಾ ಹೋದರು. ಕೆಳಗಿಳಿದು ಬಂದು ನೋಡಿದರೆ ಇವರು ಆಫೀಸಿನ ಅಭ್ಯಾಸದಂತೆ ಬಿಳಿಹಾಳೆಯ ಮೇಲೆ ಸ್ಪಷ್ಟೀಕರಣವೊಂದನ್ನು ಬರೆಯುತ್ತಿದ್ದರು. ಕೆಳಗೆ ಸಹಿ ಮಾಡಿದವನು ತನ್ನ ಪತ್ನಿಯ ಕುತ್ತಿಗೆಯನ್ನು ಯಾವತ್ತೂ, ಎಂದು ಮೊದಲ ಸಾಲು ಶುರುವಾಗಿತ್ತು. ಇದನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಪೊಲೀಸರೇ ಬರುತ್ತಾರೆ ಎಂದು ನಾನು ಹರಿದುಹಾಕಿದೆ. ಕೊನೆಗೆ ನೀಲಮ್ ತಾನೇ ಬತ್ರಾ ಆಂಟಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳಂತೆ. ಆಂಟಿ ಅರ್ಧ ನಂಬಿದರಂತೆ. ಮಿಕ್ಕರ್ಧವನ್ನು ನನ್ನ ಕಣ್ಣಾರೆ ನೋಡಿ ತೀರ್ಮಾನಿಸುತ್ತೇನೆ, ತಪ್ಪಾಗಿದ್ದರೆ ರಾವ್ ಸಾಬ್ ಎದುರು ನಾನೇ ಕೈಮುಗಿಯುತ್ತೇನೆ ಎಂದರಂತೆ. ಇದನ್ನು ಕೇಳಿ ಇವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಸ್ವಲ್ಪ ಕಳೆ ಬಂತು.

ಮುಂದಿನ ಭಾನುವಾರ ಒಳ್ಳೆಯ ಬಿಸಿಲು ಬಿತ್ತು. ದೆಹಲಿಯ ಜನವರಿಯಲ್ಲಿ ಬಿಸಿಲು ಬಿದ್ದ ದಿನ ಮನೆಯೊಳಗೆ ಇರುವವರು ಮೂರ್ಖರು. ವರಾಂಡದಲ್ಲಿ ಮಂಚ ಹಾಕಿಸಿ ಅಂಗಾತ ಮಲಗಿದೆ. ಇವರು ತಲೆಯ ಹತ್ತಿರ ಬೆತ್ತದ ಮೋಡಾ ಎಳೆದುಕೊಂಡು ಕೂತು, ನೀಲಮ್ ಹೇಳಿಕೊಟ್ಟ ಹಾಗೆ, ಸರ್ಕಾರಿ ಕಡತವನ್ನು ಎತ್ತುವಷ್ಟು ಜಾಗರೂಕತೆಯಿಂದ ಎರಡೂ ಅಂಗೈಯನ್ನು ನನ್ನ ಬುರುಡೆಯ ಕೆಳಗೆ ಸೇರಿಸಿದರು. ಸೇರಿಸಿದ ಮೇಲೆ ವಾಚು ಕಟ್ಟಿದ ಮಣಿಕಟ್ಟು ನನ್ನ ತಲೆಯ ಅಡಿಯಲ್ಲಿದೆ ಎಂಬುದು ಹೊಳೆಯಿತು, ಐದು ನಿಮಿಷ ಎಂದರೆ ಎಷ್ಟು ಎಂದು ಬಾಯಲ್ಲೇ ಎಣಿಸತೊಡಗಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಈ ಮನುಷ್ಯನ ಕೈ ಇಷ್ಟು ಬೆಚ್ಚಗಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಕಣ್ಣು ಮುಚ್ಚಿದೆ.

ಎದುರು ಬಾಲ್ಕನಿಯ ಬಾಗಿಲು ತೆರೆದ ಸದ್ದಾಯಿತು. ರಜಾಯಿಯನ್ನು ಕಟಕಟೆಯ ಮೇಲೆ ಹರವಿ ಕೋಲಿನಿಂದ ತಟ್ಟುವ ಸದ್ದು ಎರಡು ಸಲ ಬಂತು. ಮೂರನೆಯದು ಬರಲಿಲ್ಲ. ಇವರ ಎಣಿಕೆಯೂ ನಿಂತಿತು.

"ವತ್ಸಲಾ ಜೀ," ಎಂದು ಬತ್ರಾ ಆಂಟಿಯ ದನಿ ಇಡೀ ಬ್ಲಾಕಿಗೆ ಕೇಳುವಂತೆ ಬಂತು, "ಸಬ್ ಠೀಕ್ ಹೈ ನಾ?"

"ಹೇಳೇ," ಎಂದು ಇವರು ತುಟಿ ಅಲ್ಲಾಡಿಸದೆ ಪಿಸುಗುಟ್ಟಿದರು. "ಹೇಳೇ, ಏನಾದ್ರೂ ಹೇಳೇ. ಕೈ ತೆಗೆದರೆ ತಪ್ಪಿತಸ್ಥ, ಇಟ್ಟರೆ ಸಿಕ್ಕಿಬಿದ್ದವ. ವತ್ಸಲಾ!"

ಹ್ಞೂಂ ಎಂದು ಒಂದು ಸದ್ದು ಮಾಡಿದರೆ ಸಾಕಿತ್ತು. ಹೇಳಬೇಕಾದ ಮಾತೂ ಗೊತ್ತಿತ್ತು, ಈ ಸಲ ಲಿಂಗ ವಿಭಕ್ತಿ ಎಲ್ಲ ಸರಿಯಾಗಿ ಬಾಯಿಗೆ ಬಂದು ನಿಂತಿತ್ತು. ಆದರೆ ಭಯದಿಂದ ಇವರ ಬೆರಳುಗಳು ಸಣ್ಣಗೆ ನಡುಗಿದವು ನೋಡಿ, ಆ ನಡುಕಕ್ಕೆ ಮೂರು ವಾರದಿಂದ ಬಿಡದಿದ್ದ ಕೊನೆಯ ಗಂಟು ಬೆಣ್ಣೆಯ ಹಾಗೆ ಬಿಟ್ಟುಕೊಳ್ಳಲು ಶುರುವಾಯಿತು. ಮಾತಾಡಿದರೆ ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಇವರ ಮಾನ ಹೇಗೂ ಇಷ್ಟು ದಿನ ಹೋಗಿದೆ, ಇನ್ನೊಂದು ನಿಮಿಷ ಹೋದರೆ ಹೋಗಲಿ ಎಂದುಕೊಂಡು ಸುಮ್ಮನೆ ಮಲಗಿದ್ದೆ.